ಕೇದಾರತಾಲ್ ಸರೋವರದ ದಡದಲ್ಲಿ ಒಂದು ರಾತ್ರಿ ತಂಗಬಹುದೇ?

ಪ್ರಶ್ನೆ, ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳೆಯರು ಬರುವ ಸೆಪ್ಟೆಂಬರ್ ಕೊನೆಯಲ್ಲಿ ಗಂಗೋತ್ರಿಯಿಂದ ಕೇದಾರತಾಲ್‌ಗೆ ಚಾರಣ ಹೋಗಬೇಕೆಂದಿದ್ದೇವೆ. ಕುಮಾರಪರ್ವತ, ಮುಳ್ಳಯ್ಯನಗಿರಿಗಳನ್ನು ಹತ್ತಿದ ಅನುಭವವಿದೆಯಾದರೂ ಹಿಮಾಲಯ ನಮಗೆ ಹೊಸದು. ಗಂಗೋತ್ರಿ ತಲುಪಿದ ಮರುದಿನವೇ ಹೊರಟು, ಭೋಜ್‌ಖರಕ್ ಮತ್ತು ಕೇದಾರ್‌ಖರಕ್‌ಗಳಲ್ಲಿ ಒಂದೊಂದು ರಾತ್ರಿ ತಂಗಿ, ಮೂರನೆಯ ರಾತ್ರಿ ಸರೋವರದ ದಡದಲ್ಲೇ ಟೆಂಟ್ ಹಾಕಿ, ಥಲಯ್ ಸಾಗರ್ ಶಿಖರದ ಮೇಲೆ ಮೊದಲ ಬಿಸಿಲು ಬೀಳುವುದನ್ನು ನೋಡಬೇಕೆಂಬುದು ನಮ್ಮ ಬಹುದಿನದ ಆಸೆ. ಈ ಯೋಜನೆ ಸರಿಯೇ? ಅಡುಗೆಗೆ ಏನು ಒಯ್ಯಬೇಕು, ಊರಿನಲ್ಲಿದ್ದುಕೊಂಡು ಅಭ್ಯಾಸ ಹೇಗೆ ಮಾಡಬೇಕು ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಿ.

ಉತ್ತರ, ಚಿತ್ರದುರ್ಗದಿಂದ:

ಇದೇ ಆಸೆ ಹೊತ್ತು ನಾನೂ ಹೋಗಿದ್ದೆ. ಅದರಿಂದಲೇ ಕೇಳಿಕೊಳ್ಳುತ್ತೇನೆ, ದಡದಲ್ಲಿ ಮಲಗುವ ಯೋಚನೆಯನ್ನು ಬಿಡಿ. ನಿಮ್ಮ ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಗಂಗೋತ್ರಿ ಸುಮಾರು 3,100, ಭೋಜ್‌ಖರಕ್ ಸುಮಾರು 3,800, ಕೇದಾರ್‌ಖರಕ್ ಸುಮಾರು 4,270, ಸರೋವರ ಸುಮಾರು 4,750 ಮೀಟರ್. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ಪರ್ವತ ವೈದ್ಯರ ಸಲಹೆ. ನಿಮ್ಮ ಯೋಜನೆಯಲ್ಲಿ ಮೊದಲ ದಿನವೇ ಅದು ಮೀರುತ್ತದೆ, ಮುಂದಿನ ಎರಡು ದಿನಗಳಲ್ಲಿ ತೆಳುಗಾಳಿಗೆ ಒಗ್ಗಲು ದೇಹಕ್ಕೆ ಬಿಡುವೇ ಸಿಗುವುದಿಲ್ಲ.

ನಮ್ಮ ತಂಡದ ಗೆಳೆಯನೊಬ್ಬ ಕೇದಾರ್‌ಖರಕ್‌ನಲ್ಲಿ ತನ್ನ ತಲೆನೋವನ್ನು ಯಾರಿಗೂ ಹೇಳಲಿಲ್ಲ. ರಾತ್ರಿ ಗಂಜಿಯನ್ನು ತಟ್ಟೆಯಲ್ಲೇ ಬಿಟ್ಟ. ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಕುಳಿತವನು ಅದೇ ಗಂಟನ್ನು ಮೂರು ಸಲ ಹಾಕಿ ಮೂರು ಸಲ ಬಿಚ್ಚಿದ. ಅದನ್ನು ಕಂಡ ಮಾರ್ಗದರ್ಶಿ, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನೇರವಾಗಿ ನಡೆಯಲು ಹೇಳಿದಾಗ, ನಾಲ್ಕನೆಯ ಹೆಜ್ಜೆಗೇ ಪಕ್ಕಕ್ಕೆ ವಾಲಿದ. ಎತ್ತರದಲ್ಲಿ ಹೀಗೆ ಸಮತೋಲ ತಪ್ಪುವುದು ಮಿದುಳು ಊದಿಕೊಳ್ಳುತ್ತಿರುವುದರ ಸೂಚನೆ. ತಡಮಾಡದೆ ಕೆಳಗಿಳಿಯುವುದೇ ಅದಕ್ಕೆ ಮುಖ್ಯ ಚಿಕಿತ್ಸೆ. ಸರೋವರ ಕೆಲವೇ ಗಂಟೆಗಳ ದಾರಿಯಿದ್ದರೂ ನಾವೆಲ್ಲರೂ ತಿರುಗಿ, ಅವನನ್ನು ನಡುವೆ ಇಟ್ಟುಕೊಂಡು ಇಳಿದೆವು. ಭೋಜ್‌ಖರಕ್ ದಾಟುವಷ್ಟರಲ್ಲಿ ಅವನು ಹಸಿವೆಂದ; ಆ ಮಾತು ಕೇಳಿ ನಮಗೆ ಕಣ್ಣು ತುಂಬಿ ಬಂತು.

ಎರಡು ವರ್ಷದ ನಂತರ ಮತ್ತೆ ಹೋದಾಗ ಗಂಗೋತ್ರಿಗೆ ಮೊದಲು ಸಿಗುವ ಹರ್ಸಿಲ್‌ನಲ್ಲಿ ಒಂದು ರಾತ್ರಿ, ಗಂಗೋತ್ರಿಯಲ್ಲಿ ಎರಡು, ಭೋಜ್‌ಖರಕ್‌ನಲ್ಲಿ ಎರಡು, ಕೇದಾರ್‌ಖರಕ್‌ನಲ್ಲಿ ಎರಡು ರಾತ್ರಿ ತಂಗಿದೆವು. ನಸುಕಿನಲ್ಲಿ ಹೊರಟು, ಸರೋವರ ನೋಡಿ, ಮಧ್ಯಾಹ್ನದೊಳಗೆ ಕೇದಾರ್‌ಖರಕ್‌ಗೆ ಮರಳಿದೆವು. ಮೊದಲ ಬಿಸಿಲು ಸಿಗಲಿಲ್ಲ ನಿಜ, ಆದರೆ ಗಾಳಿಯೇಳುವ ಮುನ್ನ ನೀರು ಕದಲದೆ ನಿಂತಿತ್ತು. ಶಿಖರವಿಡೀ ಅದರಲ್ಲಿ ತಲೆಕೆಳಗಾಗಿ ಮೂಡಿತ್ತು.

ಉತ್ತರ, ದಾವಣಗೆರೆಯಿಂದ ಇನ್ನೊಬ್ಬರು:

ಅಡುಗೆಯ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಆ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅನ್ನ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಪುಟ್ಟ ಕುಕ್ಕರ್ ಒಯ್ಯಿರಿ, ಇಲ್ಲವೇ ಬೇಯಿಸುವ ಗೊಡವೆಯೇ ಇಲ್ಲದ ರಾಗಿ ಹುರಿಹಿಟ್ಟು, ಅವಲಕ್ಕಿ, ಶೇಂಗಾ ಉಂಡೆ ಒಯ್ಯಿರಿ. ಮಂಡಕ್ಕಿ ಹಗುರವಾದರೂ ಚೀಲದಲ್ಲಿ ಬಹಳ ಜಾಗ ಹಿಡಿಯುತ್ತದೆ. ಗ್ಯಾಸ್ ಡಬ್ಬಿಯನ್ನು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಒಯ್ಯುವಂತಿಲ್ಲವಾದ್ದರಿಂದ ಅಲ್ಲಿಯೇ ಕೊಳ್ಳಬೇಕು.

ಅಭ್ಯಾಸಕ್ಕೆ ಚಿತ್ರದುರ್ಗದ ಜೋಗಿಮಟ್ಟಿ ಒಳ್ಳೆಯದು. ಬೆನ್ನಿಗೆ ಹತ್ತು ಕೆ.ಜಿ. ಹೊತ್ತು ಹತ್ತುವಷ್ಟೇ ಶ್ರದ್ಧೆಯಿಂದ ಇಳಿಯುವುದನ್ನೂ ಅಭ್ಯಾಸ ಮಾಡಿ, ಏಕೆಂದರೆ ಮೊಣಕಾಲು ಸೋಲುವುದು ಇಳಿಯುವಾಗ. ಇದರಿಂದ ಕಾಲಿಗೆ ಬಲ ಬರುತ್ತದೆಯೇ ಹೊರತು ತೆಳುಗಾಳಿಗೆ ದೇಹ ಒಗ್ಗುವುದಿಲ್ಲ. ಅದಕ್ಕೆ ಅಲ್ಲಿ ಕಳೆಯುವ ದಿನಗಳೇ ಬೇಕು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ದಡದಲ್ಲಿ ತಂಗುವುದನ್ನು ಕೈಬಿಟ್ಟು, ರಜೆಯನ್ನು ನಾಲ್ಕು ದಿನ ಹೆಚ್ಚಿಸಲು ಎಲ್ಲರೂ ಒಪ್ಪಿದ್ದಾರೆ. ಎತ್ತರದ ಕಾಯಿಲೆ ಬಾರದಂತೆ ಕೊಡುವ ಡೈಮಾಕ್ಸ್ ಮಾತ್ರೆ ನುಂಗಿದರೆ ಸಾಕೆಂದು ಒಬ್ಬ ಗೆಳೆಯ ಹೇಳುತ್ತಿದ್ದಾನೆ. ಸ್ಪೈಡರ್ ವಾಲ್ ಎಂಬ ಬಂಡೆಯ ಬಗ್ಗೆಯೂ ಭಯವಿದೆ.

ಉತ್ತರ, ಚಿತ್ರದುರ್ಗದಿಂದ:

ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ಅವರಿಗೆ ತಿಳಿಸಬೇಕು. ಮಾತ್ರೆ ದೇಹ ಒಗ್ಗಲು ನೆರವಾಗುತ್ತದೆ, ಬಿಡುವಿನ ದಿನಗಳ ಬದಲಿಗೆ ಬರುವುದಿಲ್ಲ. ಸ್ಪೈಡರ್ ವಾಲ್ ಭೋಜ್‌ಖರಕ್‌ಗೆ ಮುನ್ನ ಸಿಗುವ ಓರೆಬಂಡೆ. ಅಲ್ಲಿ ಮಾರ್ಗದರ್ಶಿ ಹಗ್ಗ ಕಟ್ಟುವವರೆಗೆ ಕಾಯಿರಿ, ಒಬ್ಬೊಬ್ಬರಾಗಿ ದಾಟಿ. ಅದರಾಚೆ ಕಲ್ಲುರುಳುವ ಇಳಿಜಾರನ್ನು ಬಿಸಿಲೇರುವ ಮೊದಲೇ ದಾಟಬೇಕು. ಅಲ್ಲಿ ನಿಂತು ಫೋಟೊ ತೆಗೆಯಬೇಡಿ. ಗಂಗೋತ್ರಿ ರಾಷ್ಟ್ರೀಯ ಉದ್ಯಾನದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. 2025ರ ಆಗಸ್ಟ್ 5ರಂದು ಧರಾಲಿ ಗ್ರಾಮವನ್ನು ಪ್ರವಾಹ ಕೊಚ್ಚಿಕೊಂಡು ಹೋದದ್ದು ಗಂಗೋತ್ರಿಗೆ ಹೋಗುವ ಇದೇ ರಸ್ತೆಯ ಮೇಲೆ. ಮಳೆಯಿದ್ದರೆ ಉತ್ತರಕಾಶಿಯಲ್ಲೇ ಉಳಿಯಲು ಇನ್ನೊಂದು ದಿನವನ್ನೂ ಕೈಯಲ್ಲಿಟ್ಟುಕೊಳ್ಳಿ.