‘ದುರಸ್ತಿ’ಯೋ ‘ಜತನ’ವೋ: ಹಳೆಯ ರಿವಾಲ್ವರಿನ ಮುಂದೆ ಯಾವ ಪದ ಬರೆಯಬೇಕು?

ಮಾನ್ಯರೇ,

ಬೈಲಹೊಂಗಲ ತಾಲೂಕಿನಲ್ಲಿರುವ ನಮ್ಮ ಹಿರಿಯರ ವಾಡೆಯ ಹಳೆಯ ವಸ್ತುಗಳಿಗೆ ಕನ್ನಡದಲ್ಲಿ ಒಂದು ವಿವರಪಟ್ಟಿ ಬರೆಯುತ್ತಿದ್ದೇನೆ. ಪ್ರತಿ ವಸ್ತುವಿನ ಹೆಸರಿನ ಮುಂದೆ ‘ಈಗಿನ ಸ್ಥಿತಿ’ ಮತ್ತು ‘ಆಗಬೇಕಾದ ಕೆಲಸ’ ಎಂಬ ಎರಡು ಅಂಕಣಗಳಿವೆ. ನಿಂತುಹೋದ ಗೋಡೆ ಗಡಿಯಾರಕ್ಕೂ ಕಾಲು ಮುರಿದ ಮಂಚಕ್ಕೂ ‘ದುರಸ್ತಿ ಆಗಬೇಕು’ ಎಂದು ಬರೆಯುವಾಗ ಯಾವ ಅನುಮಾನವೂ ಬರಲಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ, ಆರು ಗುಂಡುಗಳ, ನಡುವೆ ಮಡಚಿ ತೆರೆಯುವ ಒಂದು ವೆಬ್ಲಿ ರಿವಾಲ್ವರಿನ ಮುಂದೆ ಅದೇ ಪದವನ್ನು ಬರೆಯಹೋದಾಗ ಮಾತ್ರ ಕೈ ತಡೆಯಿತು. ಅದರ ಪರವಾನಗಿ ದೊಡ್ಡಪ್ಪನವರ ಹೆಸರಿನಲ್ಲಿತ್ತು. ಅವರು ತೀರಿಕೊಂಡ ಮೇಲೆ ಅದನ್ನು ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿದ್ದೇವೆ. “ಬಿಡಿಸ್ಕೊಂಡ ಬಂದು ಮನ್ಯಾಗ ದುರಸ್ತಿ ಮಾಡೂಣು, ಚಾಲೂ ಆಗಲಿ” ಎಂಬುದು ನಮ್ಮ ತಮ್ಮಂದಿರ ಆಸೆ. ಈ ವಾಕ್ಯದಲ್ಲಿ ‘ದುರಸ್ತಿ’ ಬಂದ ಬೆನ್ನಿಗೇ ‘ಚಾಲೂ’ ಬಂದಿರುವುದನ್ನು ತಾವು ಗಮನಿಸಬೇಕು.

ಪಾರ್ಸಿಯ ‘ದುರುಸ್ತ್’ ಎಂಬ ಮೂಲಪದಕ್ಕೆ ಸರಿಯಾದದ್ದು, ಊನವಿಲ್ಲದ್ದು ಎಂಬ ಅರ್ಥವಿದೆ. ಕಂದಾಯ ಇಲಾಖೆಯವರು ಜಮೀನಿನ ಹಿಸ್ಸೆಗಳ ದಾಖಲೆ ಸರಿಪಡಿಸುವುದಕ್ಕೆ ಇಂದಿಗೂ ‘ಪೋಡಿ ದುರಸ್ತಿ’ ಎನ್ನುವಾಗ ಆ ಮೂಲಾರ್ಥವೇ ಉಳಿದಿದೆ. ಅಲ್ಲಿ ಯಾವ ಯಂತ್ರವೂ ತಿರುಗುವುದಿಲ್ಲ, ದಾಖಲೆ ಸರಿಯಾಗುತ್ತದೆ, ಅಷ್ಟೇ. ಆದರೆ ಮನೆಮಾತಿನಲ್ಲಿ, ಅದರಲ್ಲಿಯೂ ಬೆಳಗಾವಿ ಕಡೆಯ ನಮ್ಮ ಮಾತಿನಲ್ಲಿ, ಕೆಟ್ಟು ನಿಂತದ್ದನ್ನು ಮತ್ತೆ ಕೆಲಸ ಮಾಡುವಂತೆ ಮಾಡುವುದೇ ದುರಸ್ತಿ. ಪಂಪ್‌ಸೆಟ್ಟು ದುರಸ್ತಿಯಾಯಿತು ಎಂದರೆ ನೀರು ಬಿತ್ತು ಎಂದೇ ಅರ್ಥ. ಹಾಗಿದ್ದಲ್ಲಿ ರಿವಾಲ್ವರಿನ ಮುಂದೆ ಆ ಪದ ಬರೆದರೆ, ಅದರಿಂದ ಗುಂಡು ಹಾರಬೇಕೆಂಬ ಉದ್ದೇಶವನ್ನು ನಾವೇ ಲಿಖಿತವಾಗಿ ಒಪ್ಪಿಕೊಂಡಂತಾಗುವುದಿಲ್ಲವೇ?

ಈ ಪ್ರಶ್ನೆ ನಿಘಂಟಿಗೆ ಮಾತ್ರ ಸೇರಿದ್ದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಬಂದೂಕು, ಪಿಸ್ತೂಲುಗಳ ತಯಾರಿಕೆ, ಮಾರಾಟಗಳ ಜೊತೆಗೆ ದುರಸ್ತಿಯನ್ನೂ ಹೆಸರಿಸಿ, ಅದನ್ನು ಮಾಡುವವರು ಯಾರೇ ಆಗಿದ್ದರೂ ಪರವಾನಗಿ ಬೇಕೆನ್ನುತ್ತದೆ. ಅದಕ್ಕಿಂತ ಮುಖ್ಯವಾದದ್ದು 45ನೇ ಕಲಮು. ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ಅದು ವಿನಾಯಿತಿ ಕೊಡುತ್ತದೆ, ಆದರೆ ದುರಸ್ತಿ ಮಾಡಿದರೂ ಮಾಡದಿದ್ದರೂ ಅದು ಗುಂಡು ಹಾರಿಸಲು ಬಾರದಂತಿರಬೇಕು ಎಂಬ ಷರತ್ತು ಹಾಕುತ್ತದೆ. ಇಡೀ ವಿನಾಯಿತಿಯ ಭಾರ ಆ ‘ಮಾಡಿದರೂ’ ಎಂಬ ಮಾತಿನ ಮೇಲೆ ನಿಂತಿದೆ. ಹಳೆಯದಾಗಿದ್ದರೆ ಸಾಕು ಎಂದು ನಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ದುರಸ್ತಿಗೆ ಬರುವ ಹಳೆಯ ರಿವಾಲ್ವರು ಈ ವಿನಾಯಿತಿಯೊಳಗೆ ಬರುವುದೇ ಇಲ್ಲ.

ವಸ್ತುವಿನ ದೃಷ್ಟಿಯಿಂದಲೂ ಈ ಪದ ನನಗೆ ಒಪ್ಪಿಗೆಯಾಗುತ್ತಿಲ್ಲ. ಗುಂಡು ತುಂಬುವ ಆರು ಮನೆಗಳ ಚಕ್ರವು ತಿರುಗಿ, ಒಂದೊಂದು ಮನೆಯೂ ನಳಿಗೆಯ ಬಾಯಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿಕೊಳ್ಳಬೇಕಾದ ಯಂತ್ರ ಅದು. ಸವೆದ ಚಕ್ರ, ಕಣ್ಣಿಗೆ ಕಾಣದ ಬಿರುಕು, ಹಳೆಯ ಕರಿಮದ್ದಿನ ಒತ್ತಡಕ್ಕೆಂದು ಮಾಡಿದ ಉಕ್ಕಿನಲ್ಲಿ ಇಂದಿನ ಹೊಗೆಯಿಲ್ಲದ ಮದ್ದಿನ ಗುಂಡು, ಇವುಗಳಲ್ಲಿ ಯಾವುದೊಂದಿದ್ದರೂ ಅದು ಹಿಡಿದವರ ಕೈಯಲ್ಲೇ ಸಿಡಿಯಬಹುದು. ಇನ್ನು ‘ಜಂಗು ತಿಕ್ಕಿ ತೆಗೆದರಾಯಿತು’ ಎಂಬ ಮಾತು. ನಮ್ಮ ಕಡೆ ಕಬ್ಬಿಣಕ್ಕೆ ಹಿಡಿಯುವುದು ಜಂಗು, ತಾಮ್ರ ಹಿತ್ತಾಳೆಗಳಿಗೆ ಕಿಲುಬು. ಈ ಭೇದವನ್ನು ಪಟ್ಟಿಯಲ್ಲಿ ಉಳಿಸಿಕೊಂಡಿದ್ದೇನೆ. ಆದರೆ ರಿವಾಲ್ವರಿನ ಮೈಮೇಲಿನ ನೀಲಿಗಪ್ಪು ಬಣ್ಣವೂ ಕಬ್ಬಿಣದ ಆಕ್ಸೈಡೇ, ಕಾರ್ಖಾನೆಯವರು ಬೇಕೆಂದೇ ಹಿಡಿಸಿದ ಒಂದು ಬಗೆಯ ಜಂಗು. ಉಸುಕಿನ ಕಾಗದ ಹಿಡಿದು ಕೂತರೆ ಕೆಂಪು ಜಂಗಿನೊಡನೆ ಅದೂ ಹೋಗುತ್ತದೆ, 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್‌ನ ಬಂದೂಕು ಪರೀಕ್ಷಾಲಯದವರು ಒತ್ತಿದ ಮುದ್ರೆಗಳೂ ಅಳಿಯುತ್ತವೆ. ಆ ಮುದ್ರೆಗಳೇ ಅದರ ಜಾತಕ.

‘ದುರಸ್ತಿ’ ಬೇಡವೆಂದರೆ ಬೇರೆ ಯಾವುದು? ‘ಜೀರ್ಣೋದ್ಧಾರ’ ಎಂದು ಒಬ್ಬ ಹಿರಿಯರು ಸೂಚಿಸಿದರು. ಅದು ಗುಡಿಯ ಪದ. ಜೀರ್ಣೋದ್ಧಾರವಾದ ಗುಡಿಯಲ್ಲಿ ಪೂಜೆ ಮತ್ತೆ ನಡೆಯುತ್ತದೆ, ಆದ್ದರಿಂದ ಅಲ್ಲಿಯೂ ‘ಚಾಲೂ’ ಅಡಗಿಯೇ ಇದೆ. ‘ಪುನಶ್ಚೇತನ’ ಇನ್ನೂ ದೂರ. ‘ಸಂರಕ್ಷಣೆ’ ಸರಿಯಾದ ಪದವೇ. ವಿಜಯಪುರದಲ್ಲಿರುವ, 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪನ್ನು ಸಂರಕ್ಷಿಸಲಾಗಿದೆ ಎನ್ನುತ್ತೇವೆಯೇ ಹೊರತು ದುರಸ್ತಿ ಮಾಡಲಾಗಿದೆ ಎಂದು ಯಾರೂ ಹೇಳಲಾರರು. ಆದರೆ ಅದು ಇಲಾಖೆಯ ಪದ, ಕಾಡಿಗೂ ಸಲ್ಲುತ್ತದೆ, ಗಡಿಗೂ ಸಲ್ಲುತ್ತದೆ. ಮನೆಯವರ ಕೈಗೆ ಅದು ಹತ್ತುವುದಿಲ್ಲ.

ನನಗೆ ತೋಚಿದ್ದು ‘ಜತನ’. ಸಂಸ್ಕೃತದ ‘ಯತ್ನ’ದಿಂದ ಬಂದ ಈ ಪದ ನಮ್ಮ ಕಡೆ ನಿತ್ಯದ ಮಾತು. ‘ಅವ್ವನ ಇಳಕಲ್ ಸೀರಿ ಜತನ ಮಾಡಿ ಇಟ್ಟೀನಿ’ ಎಂದರೆ ಅದನ್ನು ಉಡುವ ಮಾತೇ ಇಲ್ಲ; ಹಾಗೆಂದು ಟ್ರಂಕಿಗೆ ಹಾಕಿ ಮರೆತದ್ದೂ ಅಲ್ಲ. ನುಸಿಗುಳಿಗೆ ಹಾಕುವುದು, ಆಗಾಗ ತೆಗೆದು ನೆರಳಲ್ಲಿ ಗಾಳಿಯಾಡಿಸುವುದು, ಹಳೆಯ ಮಡಿಕೆಯಲ್ಲಿ ಸೀಳದಂತೆ ಮಡಿಕೆ ಬದಲಿಸುವುದು ಎಲ್ಲವೂ ಜತನದಲ್ಲಿ ಸೇರಿವೆ. ರಿವಾಲ್ವರಿಗೆ ಬೇಕಾದದ್ದು ಇಂಥದೇ ಆರೈಕೆ: ತೇವ ತಾಗದಿರಲಿ, ಜಂಗು ಮುಂದುವರಿಯದಿರಲಿ, ಇದ್ದ ಗುರುತು ಇದ್ದಂತೆ ಇರಲಿ. ಪಕ್ಕದ ಮರಾಠಿಯವರು ಪಾರಂಪರಿಕ ವಾಸ್ತುಗಳ ವಿಷಯದಲ್ಲಿ ಇದೇ ‘ಜತನ’ ಪದವನ್ನು ಅಧಿಕೃತ ಬರಹದಲ್ಲಿಯೂ ಬಳಸುತ್ತಾರೆ. ಬಿತ್ತನೆ ಬೀಜವನ್ನೂ ಜತನ ಮಾಡುತ್ತೇವಲ್ಲ, ಅದು ಮೊಳೆಯಲೆಂದೇ ಅಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಈ ಪದ ಉಪಯೋಗವನ್ನು ನಿಷೇಧಿಸುವುದಿಲ್ಲ, ಆದರೆ ‘ದುರಸ್ತಿ’ಯಂತೆ ಅದನ್ನು ವಸ್ತುವಿನ ಮೇಲೆ ಹೊರಿಸುವುದೂ ಇಲ್ಲ.

ಬಾಗಲಕೋಟೆ, ವಿಜಯಪುರ ಕಡೆಯವರು ದಯವಿಟ್ಟು ತಿಳಿಸಬೇಕು: ನಿಮ್ಮ ಮನೆಮಾತಿನಲ್ಲಿ ‘ಜತನ’ಕ್ಕೆ ಜೋಪಾನವಾಗಿ ಎತ್ತಿಡುವುದು ಎಂಬಷ್ಟೇ ಅರ್ಥವೋ, ಕೈಯಾರೆ ಮಾಡುವ ಆರೈಕೆಯೂ ಅದರಲ್ಲಿ ಸೇರುತ್ತದೆಯೋ? ಮೈಸೂರು, ಮಂಗಳೂರು ಸೀಮೆಯ ಓದುಗರಿಗೆ ‘ಜತನ ಆಗಬೇಕು’ ಎಂಬ ಬರಹ ವಿವರಣೆಯಿಲ್ಲದೆ ತಿಳಿಯುತ್ತದೆಯೇ?