ಎರೆ ಹೊಲದ ಊರಿಗೆ ಗರಡಿ: ಅದೇ ಅಖಾಡದಾಗ ಜೂಡೊ, ಟೇಕ್ವಾಂಡೊ ನಡಿತಾವೇನು?

ಸಿಂಧನೂರು_ಸೀಮೆ:
ನಮ್ಮೂರ ಹಳೇ ಗರಡಿ ಮನಿ ರಿಪೇರಿ ನಡದೈತಿ. ಅಖಾಡ 20×20 ಅಡಿ. ಸುತ್ತೆಲ್ಲ ಎರೆಮಣ್ಣು, ಅದನ್ನೇ ಹಸನು ಮಾಡಿ ಹಾಕಬೇಕಂತೀವಿ. ಹುಡುಗರು ಜೂಡೊ, ಟೇಕ್ವಾಂಡೊನೂ ಬೇಕಂತಾರ. ಒಂದೇ ನೆಲದಾಗ ಎಲ್ಲಾ ಆಗತೈತಾ? ಗ್ವಾಡಿ ಮ್ಯಾಲ ಬೌದ್ಧ ಭಿಕ್ಷು ಬೋಧಿಧರ್ಮನ ಚಿತ್ರ ಬರಸೂ ವಿಚಾರನೂ ಐತಿ, ಎಲ್ಲಾ ಕಲೆ ಅವನಿಂದನೇ ಬಂದಾವಂತಲ್ಲ.

ಮಸಾರಿ:
ಎರೆ ಬೇಡವೇ ಬೇಡ. ನೀರು ಬಿದ್ದರೆ ಮೈಗೆ ಮೆತ್ತಿಕೊಳ್ಳುತ್ತೆ, ಒಣಗಿದರೆ ಹೆಂಟೆ ಕಲ್ಲಾಗುತ್ತೆ. ಎರಡು ಅಡಿ ತೆಗೆಸಿ, ತಳಕ್ಕೆ ಅರ್ಧ ಅಡಿ ಗರಸು ಬಡಿದು, ಮೇಲೆ ಒಂದೂವರೆ ಅಡಿ ಜರಡಿ ಹಿಡಿದ ಮಸಾರಿ (ಕೆಂಪು) ಮಣ್ಣು ತುಂಬಿ. ಅಂದರೆ 600 ಘನ ಅಡಿ. ಟ್ರೇಲರಿಗೆ 100 ಹಿಡಿದರೆ 6 ಟ್ರೇಲರು, ಜರಡಿಯಲ್ಲಿ ಹೋಗೋ ಕಲ್ಲಿನ ಲೆಕ್ಕಕ್ಕೆ ಇನ್ನೊಂದು. ಗರಸಿನ ಖರ್ಚು ಉಳಿಸೋಕೆ ಹೋದರೆ ಮಳೆಗಾಲದಲ್ಲಿ ತಳದ ಎರೆ ಉಬ್ಬಿ, ನೀರು ಇಂಗದೆ ಅಖಾಡ ಕೆಸರಾಗುತ್ತೆ.

ಹಿಂದಿನ ಸಂಜೆ ನೀರು ಚಿಮುಕಿಸಿ, ಬೆಳಿಗ್ಗೆ ಅರ್ಧ ಅಡಿ ಆಳ ಗುದ್ದಲಿಯಿಂದ ತಿರುವಿ ಹಾಕಿ. ಹದ ನೋಡೋದು ಹೀಗೆ: ಮುಷ್ಟಿ ಹಿಡಿದರೆ ಉಂಡೆ ಆಗಬೇಕು, ಬೆರಳಲ್ಲಿ ತಟ್ಟಿದರೆ ಒಡೀಬೇಕು. ಎಳ್ಳೆಣ್ಣೆ, ಮಜ್ಜಿಗೆ ಧೂಳು ಕೂರಿಸುತ್ತವೆ. ಅರಿಶಿನ ಹಾಕಿದೀವಿ ಅಂತ ಗಜಕರ್ಣ ಇದ್ದವರನ್ನು ಮಾತ್ರ ಒಳಗೆ ಬಿಡಬೇಡಿ, ವಾರದಲ್ಲಿ ಊರಿಗೆಲ್ಲ ಹಂಚ್ತಾರೆ.

ಚಾಪೆ_ಲೆಕ್ಕ:
ಒಂದೇ ನೆಲ ಆಗಲ್ಲ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿಸಬೇಕು, ಅದಕ್ಕೇ ಮಣ್ಣು ಸಡಿಲ. ಜಪಾನಿನ ಸುಮೊಗೂ ಮಣ್ಣೇ, ಆದರೆ ಆ 4.55 ಮೀಟರ್ ವೃತ್ತವನ್ನು ಬಡಿದು ಗಟ್ಟಿ ಮಾಡಿರ್ತಾರೆ. ಅಲ್ಲಿ ಅಂಗಾಲು ಬಿಟ್ಟು ಮೈಯ ಯಾವ ಭಾಗ ತಾಗಿದರೂ ಸೋಲು. ಪಾದ ಎತ್ತದೆ ಜಾರಿಸುತ್ತ ತಳ್ಳಬೇಕು, ಸಡಿಲ ಮಣ್ಣಲ್ಲಿ ಅದು ಸಾಧ್ಯವಿಲ್ಲ.

ಜೂಡೊವನ್ನು ಜಿಗೊರೊ ಕಾನೊ 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ ಶುರು ಮಾಡಿದ್ದು 12 ಚಾಪೆಯ ಮೇಲೆ. ಬೀಳುವಾಗ ತೋಳಿಂದ ನೆಲಕ್ಕೆ ಬಡಿದು ಪೆಟ್ಟು ಹಂಚೋದು ಅದರ ಮೊದಲ ಪಾಠ. ಮಣ್ಣಲ್ಲಿ ಬಡಿದರೆ ಕಣ್ಣಿಗೆ ಹಾರುತ್ತೆ, ಒದ್ದೆ ಮಣ್ಣು ಮೆತ್ತಿದ ಅಂಗಿ ಕತ್ತು ತರಚುತ್ತೆ. 4 ಸೆಂಟಿಮೀಟರ್ ದಪ್ಪದ ಗಟ್ಟಿ ಮ್ಯಾಟ್ ಬೇಕು. 1×2 ಮೀಟರಿನವು 18 ಇದ್ದರೆ 6×6 ಮೀಟರ್, ಅಭ್ಯಾಸಕ್ಕೆ ಸಾಕು. ಟೇಕ್ವಾಂಡೊಗೆ ತೆಳು ಮ್ಯಾಟೇ ಸರಿ. ಒದೆಯುವಾಗ ನಿಂತ ಕಾಲು ಅಂಗಾಲ ಮೇಲೆ ತಿರುಗಬೇಕು. ಮಣ್ಣಲ್ಲಿ ಹೂತ ಪಾದ ತಿರುಗಲ್ಲ, ಮಂಡಿ ತಿರುಗುತ್ತೆ.

ಮಣ್ಣಿನ ಮೇಲೆ ಪ್ಲೈವುಡ್ ಹಾಸಿ ಮ್ಯಾಟ್ ಹಾಕೋಣ ಅನ್ನೋರು ಬಂದೇ ಬರ್ತಾರೆ. ತೇವಕ್ಕೆ ಪ್ಲೈವುಡ್ ಸೊಟ್ಟಗಾಗಿ ಮ್ಯಾಟಿನ ಸಂದು ಬಿಡುತ್ತೆ, ಕಾಲ್ಬೆರಳು ಮುರಿಯೋದು ಅಲ್ಲೇ. ಪಡಸಾಲೆ ಇದ್ದರೆ ಮ್ಯಾಟ್ ಅಲ್ಲಿ ಹಾಕಿ.

ಕಲ್ಲು_ಓದು:
ಚಿತ್ರದ ಬಗ್ಗೆ. ಬೋಧಿಧರ್ಮ ದಕ್ಷಿಣ ಭಾರತದವನು ಅಂತ 7ನೇ ಶತಮಾನದ ಚೀನೀ ಬರಹದಲ್ಲಿದೆ, ಆದರೆ ಅಲ್ಲಿ ಕಾದಾಟದ ಮಾತೇ ಇಲ್ಲ. ಅವನಿಗೆ ಕಸರತ್ತಿನ ನಂಟು ಹಚ್ಚಿದ್ದು 1624ರ ಒಂದು ಪುಸ್ತಕ. ಕರಾಟೆ ಒಕಿನಾವಾ ದ್ವೀಪದ್ದು, ದಕ್ಷಿಣ ಚೀನಾದ ಪಟ್ಟುಗಳು ಬೆರೆತದ್ದು. ಟೇಕ್ವಾಂಡೊ ಹೆಸರು ಬಂದದ್ದೇ 1955ರಲ್ಲಿ, ಅದನ್ನು ಕಟ್ಟಿದ ಕೊರಿಯನ್ನರಲ್ಲಿ ಹಲವರು ಜಪಾನಿನಲ್ಲಿ ಕರಾಟೆ ಕಲಿತವರು. ಗೋಡೆಗೆ ಚಿತ್ರ ಬೇಕೇ ಬೇಕಂದ್ರೆ ಹಂಪಿ ಏನು ದೂರ? ಮಹಾನವಮಿ ದಿಬ್ಬದ ಕಲ್ಲಲ್ಲಿ ಕುಸ್ತಿ ಹಿಡಿದ ಜಟ್ಟಿಗಳೇ ಇದ್ದಾರೆ.

ಸಿಂಧನೂರು_ಸೀಮೆ:
ಪಡಸಾಲಿ 11 ಅಡಿ ಅಗಲ ಅಷ್ಟ ಐತಿ. 9 ಮ್ಯಾಟ್ ಉದ್ದಕ ಹಾಕಿದ್ರ?

ಚಾಪೆ_ಲೆಕ್ಕ:
3 ಮೀಟರ್ ಅಗಲ ಬರುತ್ತೆ. ಬೀಳೋದು ಕಲಿಸೋಕೆ, ಒದೆತಕ್ಕೆ ಸಾಕು. ಎತ್ತಿ ಒಗೆಯೋದು ಬೇಡ, ಗೋಡೆ ಹತ್ತಿರ ಇದೆ.