ಸಹಾಯ ಬೇಕು: ಲೈವ್ ಆಲ್ಬಂನಲ್ಲಿ ಎರಡು ಕವರ್ ಹಾಡು, ಲೈಸೆನ್ಸ್ ಹೇಗೆ?

ನಮಸ್ಕಾರ. ನಮ್ಮದು ಬೆಂಗಳೂರಿನ ಸಣ್ಣ ರಾಕ್ ಬ್ಯಾಂಡ್. ಹೋದ ತಿಂಗಳ ಶೋ ರೆಕಾರ್ಡಿಂಗ್ ತುಂಬಾ ಚೆನ್ನಾಗಿ ಬಂದಿದೆ. ಕೊನೇ ಹಾಡಲ್ಲಿ ಜನ ಪಲ್ಲವಿ ಹಿಡಿದಿದ್ದೂ ಸ್ಪಷ್ಟವಾಗಿ ಕೇಳುತ್ತೆ. ಸಿಡಿ ಮಾಡಬೇಕು ಅಂತ ಆಸೆ. ಆದರೆ ಅದರಲ್ಲಿ ಎರಡು ಕವರ್, ಅಂದ್ರೆ ನಾವು ಮತ್ತೆ ಹಾಡಿದ ಹಳೇ ಕನ್ನಡ ಸಿನಿಮಾ ಹಾಡುಗಳಿವೆ.

ಕವರ್ ಹಾಡುಗಳ ಲೈಸೆನ್ಸ್ ಬಗ್ಗೆ ಇರುವ ಕಾಪಿರೈಟ್ ಕಾಯ್ದೆಯ ಸೆಕ್ಷನ್ 31ಸಿ ಓದಿದೆ. ಮೂಲ ರೆಕಾರ್ಡಿಂಗ್ ಆಗಿ 5 ವರ್ಷ ಕಳೆದಿರಬೇಕು, ಅದು ಸರಿ. ಆದರೆ ಒಂದೊಂದು ಹಾಡಿಗೂ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು! ನಾವು ಮಾಡುತ್ತಿರುವುದು ಬರೀ 300. ಭಾಷೆ ನೋಡಿ ಈ ಮಿತಿ ಇಳಿಸಬಹುದು ಅಂತಲೂ ಅಲ್ಲೇ ಇದೆ. ಕನ್ನಡಕ್ಕೆ ಇಳಿಸಿದ್ದಾರಾ? ಇಲ್ಲಾಂದ್ರೆ ಹಕ್ಕುದಾರರಿಂದ ನೇರವಾಗಿ ಒಪ್ಪಿಗೆ ತಗೊಂಡವರು ಯಾರಾದರೂ ಇದ್ದೀರಾ? ಹಾಡಿನ ನಡುವೆ ನಾವು ಸೇರಿಸಿದ ಗಿಟಾರ್ ಸೋಲೊ ಆ ಸೆಕ್ಷನ್ ತಡೆಯುವ ‘ಬದಲಾವಣೆ’ ಅನ್ನಿಸಿಕೊಳ್ಳುತ್ತಾ?

ಮುಖಪುಟಕ್ಕೆ ಗೆಳೆಯ ಮೂಲ ಗಾಯಕರ ಮುಖ ಬಿಡಿಸಿದ್ದ. ಅದೇ ಸೆಕ್ಷನ್ನಿನಲ್ಲಿ ಅದಕ್ಕೂ ತಡೆ ಇದೆ. ಪಾಪ, ಈಗ ಮತ್ತೆ ಬಿಡಿಸುತ್ತಿದ್ದಾನೆ. ಅವನಿಂದ ಚಿತ್ರದ ಹಕ್ಕು ಬರಹದಲ್ಲಿ ಬರೆಸಿಕೊಳ್ಳೋಕೆ ಮಾದರಿ ಪತ್ರ ಇದ್ದರೆ ದಯವಿಟ್ಟು ಹಾಕಿ.